ಮೊಮ್ಮಗಳಿಗೊಂದು ಖರೇ ಆಟದ ಪುಸ್ತಕ

ಮಕ್ಕಳಿಗೆ ಪುಸ್ತಕ ಆರಿಸುವುದು ಸುಲಭ ಎನ್ನುವವರು ಆ ಕೆಲಸಕ್ಕೆ ಎಂದೂ ಕೈ ಹಾಕಿರುವುದಿಲ್ಲ. ನಾನು ಹೊರಟಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತದೆ. ಆದದ್ದನ್ನು ಅಂದಂದೇ ಬರೆದಿಡುವುದು ನನಗೆ ಕಾಲೇಜಿನಿಂದ ಬಂದ ಅಭ್ಯಾಸ. ನಮ್ಮ ಮನೆತನದಲ್ಲಿ ಬಿ.ಎ. ಮಾಡಿದ ಮೊದಲ ಹೆಣ್ಣುಮಗಳು ನಾನು. ಉಪ್ಪಿನಕಾಯಿ ಹಾಕಿದ ದಿನದಿಂದ ಹಿಡಿದು ಮೊಮ್ಮಕ್ಕಳ ಹಲ್ಲು ಬಿದ್ದ ದಿನದವರೆಗೆ ಎಲ್ಲವೂ ನನ್ನಲ್ಲಿ ದಾಖಲೆಯಾಗಿದೆ. ಹಾಗಾಗಿ ಇದರಲ್ಲಿ ಕಟ್ಟಿದ್ದೇನೂ ಇಲ್ಲ.

ಗಿಳಿಯ ಕಥೆ

ದೇವದುರ್ಗಕ್ಕೆ ಕೊಟ್ಟ ನನ್ನ ಮಗಳಿಗೆ ಏಳು ವರ್ಷದ ಹುಡುಗಿ ಇದ್ದಾಳೆ. ಅಕ್ಷರವೆಲ್ಲ ಬಲ್ಲಳು, ಆದರೆ ಕೂತು ಒಂದು ಸಾಲು ಓದಿದವಳಲ್ಲ. ಓಡುವುದೊಂದೇ ಅವಳ ಕೆಲಸ. ಮಧ್ಯಾಹ್ನ ಮಲಗಿಸಿದರೆ ನಿದ್ದೆಯಲ್ಲೂ ಕಾಲು ಆಡಿಸುತ್ತಾಳೆ. ಅವಳ ಪಕ್ಕ ಮಲಗಿದರೆ ನಾನೂ ಕನಸಿನಲ್ಲಿ ಎಲ್ಲಿಗೋ ಓಡುತ್ತಿರುತ್ತೇನೆ, ಮಂಡಿ ನೋವಿಲ್ಲದೆ, ಸೆರಗು ಹಾರಿಸಿಕೊಂಡು.

ಒಮ್ಮೆ ಅವರಲ್ಲಿಗೆ ಹೋದಾಗ, ಕಥೆ ಹೇಳಿ ಓದಿನ ಕಡೆ ಎಳೆಯೋಣ ಎಂದು ಮಾತಾಡುವ ಗಿಳಿಯೊಂದರ ಕಥೆ ತೆಗೆದೆ. ಗಿಳಿ ಇನ್ನೂ ಬಾಯಿ ಬಿಟ್ಟಿರಲಿಲ್ಲ, ಇವಳು ತಡೆದಳು.

“ಅಜ್ಜಿ, ಇದು ಖರೇನಾ?”

ಕಥೆ ಎಂದರೆ ಕಥೆ, ಖರೇ ಎಲ್ಲಿಂದ ಬರಬೇಕು ಎಂದೆ.

“ಹಂಗಾರ ಖರೇ ಆದಮ್ಯಾಲ ಹೇಳು,” ಎಂದು ಎದ್ದು ಓಡಿದಳು.

ಬಾಗಿಲಲ್ಲಿ ಕೂತಿದ್ದ ಅವಳ ತಾತ, ಅಂದರೆ ನಮ್ಮ ಬೀಗರು, ನಕ್ಕರು. ಅವರದು ಕುರಿ ಸಾಕುವ ಮನೆತನ. ಓಟ ನಮ್ಮ ಕಡೆಯಿಂದ ಬಂದಿದೆ, ಓದು ನಿಮ್ಮ ಕಡೆಯಿಂದ ಬರಬೇಕಿತ್ತು, ಯಾಕೋ ದಾರಿಯಲ್ಲೇ ನಿಂತುಬಿಟ್ಟಿದೆ ಎಂದರು. ನನಗದು ನಟ್ಟಿತು. ಯುಗಾದಿಯೊಳಗೆ ಈ ಹುಡುಗಿ ತಾನೇ ಪುಸ್ತಕ ಹಿಡಿದು ಗಟ್ಟಿಯಾಗಿ ಓದದಿದ್ದರೆ, ನಾನು ಬಿ.ಎ. ಮಾಡಿದ ಮಾತನ್ನು ನಿಮ್ಮ ಮನೆಯಲ್ಲಿ ಮತ್ತೆ ಎತ್ತುವುದಿಲ್ಲ ಎಂದುಬಿಟ್ಟೆ.

ಮಗಳು ಒಳಗಿನಿಂದ ಓಡಿ ಬಂದು ನನ್ನ ಹಣೆ ಮುಟ್ಟಿ ನೋಡಿದಳು.

ಅಂಗಡಿಯಲ್ಲಿ

ಖರೇ ಇರಬೇಕು, ಓಟವಿರಬೇಕು. ಅಂದಮೇಲೆ ಆಟೋಟದ ಪುಸ್ತಕವೇ ಸರಿ ಎಂದು ರಾಯಚೂರಿನ ಒಂದು ಪುಸ್ತಕದಂಗಡಿಗೆ ಹೋದೆ. ಸಣ್ಣ ಮಕ್ಕಳಿಗೆ, ಕಥೆಯಲ್ಲ, ನಿಜವಾದ ಆಟ, ನಿಜವಾದ ಆಟಗಾರರು ಇರಬೇಕು ಎಂದು ಬಿಡಿಸಿ ಹೇಳಿದೆ. ಅಂಗಡಿಯವರು ಮೂಲೆಯ ಒಂದು ರಾಶಿ ತೋರಿಸಿ, ಕೂರಲು ಸ್ಟೂಲು ಕೊಟ್ಟರು.

ಆರಿಸುವುದಕ್ಕೆ ನನ್ನದೇ ಒಂದು ಕ್ರಮವಿದೆ. ಅಕ್ಷರ ದಪ್ಪ ಇರಬೇಕು, ವಾಕ್ಯ ಗಿಡ್ಡ ಇರಬೇಕು, ಚಿತ್ರದಲ್ಲಿರುವವರಿಗೆ ಬೆವರು ಬಂದಿರಬೇಕು. ಒಂದೊಂದನ್ನೇ ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದೆ. ಫ್ಯಾನಿನ ಗಾಳಿಗೆ ಪುಟಗಳು ತಾವೇ ಮಗುಚುತ್ತಿದ್ದವು. ಒಬ್ಬಾಕೆ ಎತ್ತರ ಜಿಗಿದಿದ್ದಳು, ಇಳಿಯುವ ಮೊದಲೇ ಪುಟ ತಿರುಗಿತು. ಆಕೆ ಇನ್ನೂ ಎಲ್ಲೋ ಮೇಲೆಯೇ ಇದ್ದಾಳೆ ಅನ್ನಿಸಿ, ಹೊರಗೆ ಆಟೋದ ಹಾರ್ನು ಕೇಳುವವರೆಗೂ ಸೂರು ನೋಡುತ್ತ ಕೂತಿದ್ದೆ.

ಕೊನೆಗೆ ಈಜಿನ ಪುಸ್ತಕವೊಂದನ್ನು ಹಿಡಿದು ಎದ್ದಾಗ ಅಂಗಡಿಯವರು ಒಳಗಿನಿಂದ ಇಟ್ಟಿಗೆಯಂಥದ್ದೊಂದು ತಂದು ಮುಂದಿಟ್ಟರು. ದೈಹಿಕ ಶಿಕ್ಷಕರ ನೇಮಕಾತಿ ಪರೀಕ್ಷೆಯ ಗೈಡು, ಹಳೆಯ ಪ್ರಶ್ನೆಪತ್ರಿಕೆಗಳ ಸಮೇತ. ಮಗುವಿಗಿನ್ನೂ ಏಳು ವರ್ಷ ಎಂದು ನೆನಪಿಸಿದೆ.

“ಛಲೋ ಆತಲ್ರೀ. ಈಗ ಶುರು ಮಾಡಿದ್ರ ವಯೋಮಿತಿ ಮುಗಿಯೋದ್ರಾಗ ಪಾಸ್ ಆಗ್ತಾಳ.”

ಹತ್ತಿಯ ಹೊಳೆ

ಈಜಿನ ಪುಸ್ತಕವನ್ನಷ್ಟೇ ಹಿಡಿದು ದೇವದುರ್ಗಕ್ಕೆ ಹೋದಾಗ ಬೀಗರ ಮನೆಯ ಪಡಸಾಲೆಯಲ್ಲಿ ಹತ್ತಿ ರಾಶಿ ಬಿದ್ದಿತ್ತು, ಗೋಡೆಯಿಂದ ಗೋಡೆಗೆ. ಹುಡುಗಿಗೆ ಪುಸ್ತಕ ಕೊಟ್ಟು, ಇದರಲ್ಲಿರುವುದೆಲ್ಲ ಖರೇ, ನೀನೇ ಓದಿ ನೋಡು ಎಂದು ಹೇಳಿ ಊಟದ ಮೇಲೆ ಹಾಗೇ ಅಡ್ಡಾದೆ.

ಕಣ್ಣು ಬಿಟ್ಟರೆ ಎಲ್ಲ ಬೆಳ್ಳಗಿತ್ತು. ಕಿಟಕಿಯ ಬಿಸಿಲಿನಲ್ಲಿ ಹತ್ತಿಯ ಎಳೆಗಳು ಮೆಲ್ಲಗೆ ತೇಲುತ್ತಿದ್ದವು. ಪುಸ್ತಕ ಗೋಡೆಗೆ ಆನಿಸಿ ನಿಂತಿತ್ತು. ಅದರಲ್ಲಿದ್ದ ಹಾಗೇ ಹುಡುಗಿ ಬೋರಲಾಗಿ, ಕೈ ಮುಂದೆ ಚಾಚಿ, ಕಾಲು ಬಡಿದು, ಮುಖ ಒಂದು ಮಗ್ಗುಲಿಗೆ ತಿರುಗಿಸಿ ಉಸಿರೆಳೆದುಕೊಳ್ಳುತ್ತ ರಾಶಿಯನ್ನು ಈಜಿ ದಾಟುತ್ತಿದ್ದಳು. ಆಚೆ ಗೋಡೆ ಮುಟ್ಟಿ ಅಂಗಾತ ಹೊರಳಿ ಜಂತಿ ನೋಡುತ್ತ ತೇಲಿದಳು. ಅರೆನಿದ್ದೆಯಲ್ಲಿದ್ದ ನಾನು ನೀರೊಳಗೇ ಇದ್ದೇನೆಂದು ಬಹಳ ಹೊತ್ತು ಉಸಿರು ಹಿಡಿದಿದ್ದೆ.

ಬೀಗರು ಬಂದರು. ಹತ್ತಿ ತುಳಿದದ್ದಕ್ಕೆ ಬೈಯುತ್ತಾರೆಂದುಕೊಂಡೆ. ಅವರು ಚೌಕಟ್ಟಿಗೆ ಒರಗಿ ಸಮಾಧಾನವಾಗಿ ನೋಡಿ, ಚಿತ್ರ ನೋಡಿ ಈಜಿದಳು, ಓದಿದ್ದೆಲ್ಲಿ ಎಂದು ಕೇಳಿದರು. ಮಾತು ನಿಜ. ನನ್ನ ವಹಿಯಲ್ಲಿ ‘ನೋಡಿದಳು, ಓದಿಲ್ಲ’ ಎಂದು ಬರೆದುಕೊಂಡೆ.

ಮುಂದೆ ಹತ್ತಿ ಒಯ್ಯಲು ಬಂದ ವ್ಯಾಪಾರಿ ರಾಶಿಯಿಂದ ಒಂದು ಬಳೆ, ಒಂದು ಕೆಂಪು ರಿಬ್ಬನ್ನು, ಅರ್ಧ ಬಿಸ್ಕತ್ತು ತೆಗೆದು, ಇದು ಯಾವ ತಳಿ ಎಂದು ಬೀಗರನ್ನು ಕೇಳಿದನಂತೆ.

ಊಟದ ನಂತರದ ಕಬಡ್ಡಿ

ಮಾನ್ವಿಯಲ್ಲಿರುವ ನನ್ನ ತಂಗಿ ನಿವೃತ್ತ ಮಾಸ್ತರಿಣಿ. ಅವಳ ಮನೆಗೆ ತೊಟ್ಟಿಲ ಕಾರ್ಯಕ್ಕೆ ಮೊಮ್ಮಗಳನ್ನೂ ಕರೆದೊಯ್ದೆ. ಚಿತ್ರ ಹೆಚ್ಚಾದರೆ ಹುಡುಗರು ಓದುವುದಿಲ್ಲ, ನೀನು ಆರಿಸಿದ್ದೇ ತಪ್ಪು ಎಂದು ನನ್ನನ್ನು ತಿದ್ದಿ, ತಂಗಿ ಕಬಡ್ಡಿಯ ನಿಯಮಗಳ ಪುಸ್ತಕವೊಂದನ್ನು ಹುಡುಗಿಯ ಕೈಗಿಟ್ಟಳು. ಹುಡುಗಿ ಅದನ್ನು ಬಿಚ್ಚಿ ಮೊದಲ ಸಾಲಿನ ಮೇಲೆ ಬೆರಳಿಟ್ಟಳು. ನಾನು ವಹಿ ತೆಗೆದು ಪೆನ್ನು ಹಿಡಿದೆ.

ಅಷ್ಟರಲ್ಲಿ ಊಟ ಮುಗಿಸಿ ಎಲೆ ಅಡಿಕೆಗೆ ಕೂತಿದ್ದ ಗಂಡಸರ ಕಣ್ಣು ಪುಸ್ತಕದ ಮೇಲೆ ಬಿತ್ತು. ಕುರ್ಡಿಯಿಂದ ಬಂದ ನೆಂಟರಿಗೂ ಹಿರೇಕೊಟ್ನೆಕಲ್‌ನಿಂದ ಬಂದವರಿಗೂ ಹುಡುಗರಾಗಿದ್ದಾಗಿನ ಒಂದು ಕಬಡ್ಡಿಯ ವ್ಯಾಜ್ಯವಿತ್ತು. ಗೆರೆ ಮುಟ್ಟಿದ್ದು ಮೊದಲೋ, ಉಸಿರು ಬಿಟ್ಟದ್ದು ಮೊದಲೋ ಎಂಬುದು. ಪುಸ್ತಕ ಹುಡುಗಿಯ ಕೈ ಬಿಟ್ಟು ಹೋಯಿತು. ಒಬ್ಬರು ಓದಿದರು, ಇನ್ನೊಬ್ಬರು ಕನ್ನಡಕ ಬೇಡಿ ಓದಿದರು. ಒಂದೇ ನಿಯಮದಿಂದ ಎರಡೂ ಕಡೆಯವರು ಗೆದ್ದರು. ಅಂಗಳದಲ್ಲಿ ಗೆರೆ ಎಳೆದು, ಪಂಚೆ ಎತ್ತಿ ಕಟ್ಟಿ, ಬಿದ್ದವರು ಹೇಗೆ ಬಿದ್ದರೆಂದು ಮತ್ತೆ ಬಿದ್ದು ತೋರಿಸಿದರು. ಸಂಜೆಯ ಬೆಳಕಿನಲ್ಲಿ ಆ ನರೆತ ಮೀಸೆಯವರೆಲ್ಲ ಅರೆಗಳಿಗೆ ಹುಡುಗರಂತೆಯೇ ಕಂಡರು. ಕಡೆಗೆ ಪುಸ್ತಕ ಸಾಕ್ಷಿಗೆಂದು ಹಿರೇಕೊಟ್ನೆಕಲ್‌ಗೆ ಹೋಯಿತು.

“ಅಕ್ಕಾ,” ಎಂದಳು ತಂಗಿ, “ಜನ್ಮದಾಗ ಪುಸ್ತಕ ಮುಟ್ಟಲಾರದವ್ರೆಲ್ಲ ಓದಿದ್ರು. ಇಕಿ ಒಬ್ಬಾಕಿ ಉಳದ್ಲು.”

ಬಸ್ಸಿನಲ್ಲಿ ಹುಡುಗಿ ನನ್ನ ತೊಡೆಯ ಮೇಲೆ ತಲೆಯಿಟ್ಟು, ಪುಸ್ತಕದಲ್ಲಿ ಬರೆದದ್ದನ್ನು ಎಲ್ಲರೂ ಕೇಳಬೇಕೇ ಎಂದು ವಿಚಾರಿಸಿದಳು. ಕೇಳಬೇಕು, ಊಟ ಮುಗಿಸಿದ ಗಂಡಸರನ್ನು ಬಿಟ್ಟು, ಎಂದೆ.

ಟಗರಿನ ಪಂಚಾಯತಿ

ಯುಗಾದಿ ಹತ್ತಿರ ಬಂತು. ನನ್ನ ಪದವಿ ಬಾಯಿ ಮುಚ್ಚುವ ಗಳಿಗೆಯೂ ಹತ್ತಿರ ಬಂತು. ಕೊನೆಯದಾಗಿ ಓಟದ ಪಂದ್ಯಗಳ ಒಂದು ತೆಳ್ಳನೆಯ ಪುಸ್ತಕ ಆರಿಸಿದೆ. ಅರ್ಧ ಚಿತ್ರ, ಅರ್ಧ ನಿಯಮ.

ಬೀಗರ ಕುರಿಹಟ್ಟಿ ಊರಾಚೆ ಇದೆ, ಸುತ್ತ ಜಾಲಿ ಮುಳ್ಳಿನ ಬೇಲಿ. ಮುಂಜಾನೆ ಹಟ್ಟಿಯ ಬಾಯಿಗೆ ಅಡ್ಡ ಇಟ್ಟ ಮುಳ್ಳಿನ ಕೊಂಬೆ ಸರಿಸಿದರೂ, ಅವರು ಕೂಗು ಹಾಕುವವರೆಗೆ ಕುರಿಗಳು ಕದಲುವಂತಿಲ್ಲ. ಹಾಗೆ ರೂಢಿ ಮಾಡಿಸಿದ್ದಾರೆ. ನಾನು ಪುಸ್ತಕ ಕೊಟ್ಟ ಮರುದಿನ ಹುಡುಗಿ ಹಟ್ಟಿಯ ಮುಂದೆ ಕಾಲಿನಿಂದ ಗೆರೆ ಎಳೆದು, ಪುಸ್ತಕ ಕಂಕುಳಲ್ಲಿಟ್ಟು, ತಾತ ಕೂಗುವ ಬದಲು ತಾನು ಸೀಟಿ ಊದುತ್ತೇನೆ ಎಂದಳು. ಬೀಗರು ಒಪ್ಪಿ ಕೊಂಬೆ ಸರಿಸಿದರು. ಸೂರ್ಯ ಆಗಷ್ಟೇ ಮೇಲೆದ್ದಿದ್ದ, ಕುರಿಗಳ ಬೆನ್ನಿನ ಮೇಲೆ ಬಂಗಾರದ ಧೂಳು. ಹುಡುಗಿ ಸೀಟಿ ಬಾಯಿಗಿಡುವಷ್ಟರಲ್ಲಿ ಬೀಗರ ಮುದ್ದಿನ ಟಗರು ಗೆರೆ ಹಾರಿ ಹೊಲದಲ್ಲಿತ್ತು.

ಹುಡುಗಿ ಕೈ ಎತ್ತಿದಳು. “ಟಗರು ಔಟ್.”

ತಮ್ಮ ಟಗರಿನ ಮೇಲೆ ಮಾತು ಬಂದರೆ ಬೀಗರು ಸುಮ್ಮನಿರುವವರಲ್ಲ. “ಯಾಕ ಔಟ್ ಬೇ?”

“ಬುಕ್ಕಿನಾಗ ಅದ.”

“ಎಲ್ಲಿ ಅದ? ಓದು.”

ಹುಡುಗಿ ನನ್ನ ಕಡೆ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಬೀಗರು ಕೈ ಅಡ್ಡ ಹಿಡಿದರು. “ಬೀಗತಿಯವ್ರ, ನೀವು ಓದಬ್ಯಾಡ್ರಿ. ಬಿ.ಎ. ಆದವ್ರು ಏನು ಬೇಕಾದ್ರ ಓದ್ತೀರಿ. ಪಂಚಾಯತಿ ನಂದು, ಅಕಿಂದು.”

ಹುಡುಗಿ ಪುಟ ತಿರುವಿ, ಸಾಲು ಹುಡುಕಿ ಬೆರಳಿಟ್ಟಳು. “ಸೀಟಿ… ಗಿಂತ… ಮೊದಲು… ಓಡಿದವರನ್ನು…” ಒಂದು ಕಷ್ಟದ ಒತ್ತಕ್ಷರ ಬಂತು, ನಿಂತಳು. ಹಟ್ಟಿಯೇ ನಿಂತಂತಾಯಿತು. ಒಂದು ಮರಿಯೂ ಅರಚಲಿಲ್ಲ. “ಸ್ಪ… ಸ್ಪರ್ಧೆಯಿಂದ… ಹೊರಗಿಡಲಾಗುವುದು.” ಮತ್ತೊಮ್ಮೆ ಮೊದಲಿನಿಂದ ಓದಿದಳು, ಈ ಸಲ ತಡೆಯದೆ, ತಾತನ ಮುಖಕ್ಕೇ ಓದಿದಳು.

ನನ್ನ ಕಣ್ಣು ಮಂಜಾಯಿತು. ಬೀಗರು ರುಮಾಲು ತೆಗೆದು ತಲೆ ಕೆರೆದುಕೊಂಡರು. ಆಯಿತು, ಔಟ್ ಎಂದು ಒಪ್ಪಿದರು. ಆದರೆ ಈ ಕಾನೂನನ್ನು ಟಗರಿಗೆ ಮೊದಲೇ ಯಾರಾದರೂ ತಿಳಿಸಿದ್ದರೇ, ತಿಳಿಸದೆ ಹೊರಗೆ ಹಾಕುವುದು ಯಾವ ನ್ಯಾಯ ಎಂದು ಮೊಮ್ಮಗಳನ್ನೇ ಕೇಳಿದರು. ಹುಡುಗಿ ಯೋಚಿಸಿ, ಅದೂ ಸರಿ ಎಂದಳು.

ನಾನು ರಾಯಚೂರಿಗೆ ಮರಳಿ, ಸಿಕ್ಕವರಿಗೆಲ್ಲ ಬಿ.ಎ. ಸಮೇತ ಈ ಸುದ್ದಿ ಹೇಳಿಕೊಂಡು ತಿರುಗುತ್ತಿದ್ದಾಗ ಬೀಗರ ಫೋನು ಬಂತು.

“ಬೀಗತಿಯವ್ರ, ನೀವು ಗೆದ್ರಿ, ಒಪ್ಪಿದೆ. ಈಗ ಸಾಲಿ ಸೂಟಿ ಅದ. ದಿನಾ ಮುಂಜಾನಿ ಹಟ್ಟಿ ಮುಂದ ನಿಂತು ಕುರಿಗಳಿಗೆ ಕಾನೂನು ಓದಿ ಹೇಳಾಕತ್ತಾಳ. ಪೂರಾ ಮುಗಿಯೋತನ ಒಂದೂ ಹೊರಗ ಬಿಡಂಗಿಲ್ಲ. ಬಿಸಿಲು ನೆತ್ತಿಗೇರತದ, ಕುರಿ ಸೊರಗಾಕತ್ತಾವ. ಕಾನೂನು ಕಮ್ಮಿ ಇರೋ ಆಟದ ಪುಸ್ತಕ ಯಾವುದರ ಇದ್ರ ಲಗೂನ ಕಳಿಸ್ರಿ.”