ಐರ್ಲೆಂಡಿಗೆ ಹೊರಟ ಇಬ್ಬರು

"ಗೈಡು ಬ್ಯಾಡ, ಬಸ್ಸು ಬ್ಯಾಡ, ಯಾರ ಹಂಗೂ ಬ್ಯಾಡ! ಐರ್ಲೆಂಡನ್ನ ಸೈಕಲ್ ಮ್ಯಾಲೆ ಗೆದ್ದು ಬರಾಂವ ನಾನು!"

ವ್ಯಾಸರಾಜ ಈ ಘೋಷಣೆ ಹೊರಡಿಸಿದ್ದು ಗೋವಾದ ಕೊರ್ಲಿಮ್‌ನ ತನ್ನ ಫ್ಲ್ಯಾಟಿನ ಅಡುಗೆಮನೆಯ ಬಾಗಿಲಲ್ಲಿ ನಿಂತು. ಒಳಗೆ ಹೆಂಡತಿ ಕೃಷ್ಣಾಬಾಯಿ ಒಗ್ಗರಣೆಗೆ ಸಾಸಿವೆ ಹಾಕಿದ್ದಳು. ಘೋಷಣೆಗೆ ಮೊದಲು ಉತ್ತರ ಕೊಟ್ಟದ್ದು ಸಾಸಿವೆಯೇ.

"ಐರ್ಲೆಂಡಿಗೆ ಪಾಸ್‌ಪೋರ್ಟ್ ಬೇಕಾಗ್ತದಲ್ರೀ?" ಎಂದಳು ಆಕೆ.

"ಈ ಐರ್ಲೆಂಡಿಗೆ ಬ್ಯಾಡ. ಹಳೇ ಗೋವಾದಾಗ ಫೆರಿ ಹತ್ತಿದ್ರ ಬಂತು."

ಹೀಗೆ ಮಾಂಡವಿ ನದಿಯ ನಡುವಿನ ದಿವಾರ್ ದ್ವೀಪವನ್ನು ಐರ್ಲೆಂಡ್ ಮಾಡಿದವನು ವ್ಯಾಸರಾಜನಲ್ಲ, ಅವನ ಗೆಳೆಯ ಕುಬೇರ. ಮುರ್ಮುಗಾಂವ್ ಬಂದರಿನ ಕಚೇರಿಯಲ್ಲಿ ಕೂತು ಜೀವನವಿಡೀ ಬೇರೆಯವರ ಹಡಗುಗಳನ್ನು ಬೀಳ್ಕೊಟ್ಟವನಿಗೆ, ನಿವೃತ್ತಿಯಾದ ಮೇಲೆ ತಾನೂ ಎಲ್ಲಿಗಾದರೂ ಹೋಗಬೇಕೆಂಬ ಹುಚ್ಚು. ಅಂತರ್ಜಾಲದಲ್ಲಿ ಐರ್ಲೆಂಡಿನ ಸೈಕಲ್ ಪ್ರವಾಸವೊಂದನ್ನು ಪತ್ತೆ ಹಚ್ಚಿದ್ದ. ಜೊತೆಗೆ ಯಾರೂ ಬರುವುದಿಲ್ಲ. ದಾರಿ ಬರೆದ ಹಾಳೆ ಕೊಡುತ್ತಾರೆ, ನಿಮ್ಮ ಗಂಟುಮೂಟೆ ವ್ಯಾನಿನಲ್ಲಿ ಮುಂದಿನ ಊರಿಗೆ ಹೋಗಿರುತ್ತದೆ, ನೀವು ಹಳ್ಳಿ ನೋಡುತ್ತ, ಸಮುದ್ರ ನೋಡುತ್ತ ಪೆಡಲ್ ತುಳಿದರಾಯಿತು. ಅಂತರ್ಜಾಲದಿಂದ ಮುದ್ರಿಸಿಕೊಂಡ ಆ ಹಾಳೆಯನ್ನು ಕುಬೇರ ಪ್ರತಿ ಭಾನುವಾರ ಪಾರಾಯಣ ಮಾಡುತ್ತಿದ್ದ. "ಚರ್ಚನ್ನು ಬಲಕ್ಕೆ ಬಿಟ್ಟು ಮುಂದೆ ಸಾಗಿ. ಬಾರ್ ಬಂದಲ್ಲಿ ಎಡಕ್ಕೆ ಹೊರಳಿ. ದನಗಳು ಅಡ್ಡ ಬಂದಾವು, ಅವಸರ ಬೇಡ. ಎದುರಿಗೆ ನೀರು ಕಾಣುತ್ತದೆ." ಒಂದು ದಿನ ಓದುತ್ತ ಓದುತ್ತ ಹಾಳೆ ಕೆಳಗಿಟ್ಟು ನಕ್ಕಿದ್ದ: "ಲೇ ವ್ಯಾಸಾ, ಇದು ನಮ್ಮ ಗೋವಾನ ಅಲ್ಲೇನಲೇ! ಮೊದಲ ಇಲ್ಲೇ ರಿಹರ್ಸಲ್ ಮಾಡೂಣು ನಡಿ!"

ಹೋದ ವರ್ಷದ ಶ್ರಾವಣದಲ್ಲಿ ವಾಸ್ಕೋದ ಮನೆಯಲ್ಲಿ ಮಧ್ಯಾಹ್ನದ ಊಟ ಮಾಡಿ ಮಲಗಿದ ಕುಬೇರ ಮತ್ತೆ ಏಳಲಿಲ್ಲ.

ಅಂದಿನಿಂದ ವ್ಯಾಸರಾಜನ ಬಾಯಿಂದ 'ಸತ್ತ' ಎಂಬ ಮಾತು ಒಮ್ಮೆಯೂ ಬಂದಿಲ್ಲ. ಯಾರಾದರೂ ಕೇಳಿದರೆ "ಕುಬೇರ ಹೋಗಿಬಿಟ್ಟ" ಎನ್ನುತ್ತಿದ್ದ. ಕೇಳಿದವರಿಗೆ ಅವನು ವಾಸ್ಕೋ ಬಸ್ಸು ಹಿಡಿದು ಹೋದಂತೆ ಅನಿಸಬೇಕು, ಹಾಗೆ. ತಾನು ಕೆಲಸ ಮಾಡುವ ಫ್ಯಾಕ್ಟರಿಯ ಎದುರಿನ ಅಂಗಡಿಯಲ್ಲಿ ಇಂದಿಗೂ ಎರಡು ಚಹಾ ಹೇಳಿ ಎರಡನ್ನೂ ತಾನೇ ಕುಡಿಯುತ್ತಿದ್ದ. ಸ್ನೇಹಕ್ಕೆ ಸಾವಿಲ್ಲ ಎಂಬುದು ಸಿದ್ಧವಾಯಿತೋ ಇಲ್ಲವೋ, ಎದೆಯುರಿ ಮಾತ್ರ ಖಾಯಂ ಆಯಿತು.

ಕುಬೇರನ ಹೆಂಡತಿ ದ್ರಾಕ್ಷಾಯಿಣಿ "ಇಲ್ಲಿದ್ರ ತುಕ್ಕು ಹಿಡಿತೈತಿ ಅಣ್ಣಾರ, ನೀವ ಒಯ್ರಿ" ಎಂದು ಅವನ ಸೈಕಲ್ ಕೊಟ್ಟಳು. ಕುಬೇರ ಆರಡಿಯ ಆಳು. ವ್ಯಾಸರಾಜ ಚಪ್ಪಲಿ ಹಾಕಿಕೊಂಡಾಗ ಐದೂಕಾಲು.

"ಸೀಟು ಇಳಸ್ರಿ," ಎಂದಳು ಕೃಷ್ಣಾಬಾಯಿ.

"ಅದು ಕುಬೇರನ ಸೀಟು. ಇಳಸಂಗಿಲ್ಲ."

"ಕಾಲು ನೆಲಕ್ಕ ಹತ್ತವಲ್ವಲ್ರೀ!"

"ಸೈಕಲ್ ಹೊಡಿಯಾಂವಗ ನೆಲ ಯಾಕ ಬೇಕು?"

ಈ ಮಹಾವಾಕ್ಯದ ಪರಿಣಾಮವಾಗಿ ವ್ಯಾಸರಾಜನಿಗೆ ಹತ್ತಲು ಒಂದು ಕಟ್ಟೆ, ಇಳಿಯಲು ಒಂದು ಗೋಡೆ ಬೇಕಾಯಿತು. ಇವೆರಡೂ ಇಲ್ಲದ ಕಡೆ ಅವನು ಹೋಗುತ್ತಲೇ ಇರಬೇಕು.

ದಿವಾರಿನಲ್ಲಿ ತಂಗಲು ಒಂದು ಮನೆಗೆ ಫೋನ್ ಮಾಡಿದ. "ಎಷ್ಟು ಜನ?" ಎಂದರು. "ಇಬ್ಬರು. ನಾನು, ನನ್ನ ಗೆಳೆಯ," ಎಂದ. ಕೃಷ್ಣಾಬಾಯಿ ಕೇಳಿಸಿಕೊಂಡಳು. ಅಂದಿನ ಸಾರಿಗೆ ಖಾರ ಹೆಚ್ಚಾಗಿತ್ತು, ಅಷ್ಟೇ.

"ಐರ್ಲೆಂಡಿನಾಗ ಸಾಮಾನು ಹೊರಲಿಕ್ಕೆ ವ್ಯಾನ್ ಇರ್ತದ," ಎಂದ ಹೊರಡುವ ಮುಂಜಾನೆ.

"ಇಲ್ಲೆ ಹೇಂತಿ ಇರ್ತಾಳ," ಎಂದು ಆಕೆ ಸ್ಕೂಟರಿಗೆ ಬುತ್ತಿ, ಹೊದಿಕೆ, ಗುಳಿಗೆಯ ಡಬ್ಬಿ, ಶೇಂಗಾ ಚಟ್ನಿ ಎಲ್ಲ ಹೇರಿದಳು. ಕೊನೆಗೆ ನಟ್ಟು ಬಿಚ್ಚುವ ಒಂದು ಪಾನಾ ಕೂಡ. "ಅದ್ಯಾಕ?" ಎಂದ. "ಬೇಕಾಗ್ತದ," ಎಂದಳು.

ಫೆರಿ ಇಳಿದದ್ದೇ ಆಕೆ ಸ್ಕೂಟರ್ ಓಡಿಸಿಕೊಂಡು ತಂಗುವ ಮನೆಗೆ ಮುಂದೆ ಹೋದಳು. ವ್ಯಾಸರಾಜ ಕುಬೇರನ ಹಾಳೆಯನ್ನು ಜೇಬಿಗಿಟ್ಟು, ದಕ್ಕೆಯ ಕಟ್ಟೆಯ ಮೇಲಿಂದ ಸೈಕಲ್ ಏರಿ ಐರ್ಲೆಂಡ್ ಪ್ರವೇಶಿಸಿದ. ಮತ್ತು ಏನಾಶ್ಚರ್ಯ! ಹಾಳೆ ಹೇಳಿದ್ದೆಲ್ಲ ಒಂದೊಂದಾಗಿ ಎದುರಾಯಿತು. ಬಲಕ್ಕೆ ಚರ್ಚು. ಎಡಕ್ಕೆ ಬಾರು. ಅಡ್ಡಲಾಗಿ ದನ, ದನಕ್ಕೆ ಅವಸರವಿಲ್ಲ, ವ್ಯಾಸರಾಜನಿಗೆ ನಿಲ್ಲಿಸಲು ಗೋಡೆಯಿಲ್ಲ. ದನವನ್ನೇ ಮೂರು ಸುತ್ತು ಪ್ರದಕ್ಷಿಣೆ ಹಾಕಿ ದಾರಿ ಬಿಡಿಸಿಕೊಂಡ. "ನೋಡಿದ್ಯಾ ಕುಬೇರಾ, ಹೆಂಗ ಹೊಂಟೀವಿ!" ಎಂದ ಪಕ್ಕದ ಗಾಳಿಗೆ.

ಗುಡ್ಡದ ಮೇಲೆ ಸೈಕಲ್ ನೂಕಿಕೊಂಡು ಹೋಗಿ, ಶಿಲುಬೆಯ ಕಟ್ಟೆ ಹತ್ತಿ ಮತ್ತೆ ಸೀಟೇರಿ ಹಾಳೆಯ ಮುಂದಿನ ಸಾಲು ನೋಡಿದ. "ಇಲ್ಲಿಂದ ಸುಖವಾದ ಇಳಿಜಾರು. ಕೆಳಗಿನ ಹಳ್ಳಿಯ ಜನ ಸ್ನೇಹಜೀವಿಗಳು."

ಇಳಿಜಾರು ಸುಖವಾಗಿಯೇ ಇತ್ತು, ಸೈಕಲ್ಲಿಗೆ. ವರ್ಷದಿಂದ ಯಾರೂ ಮುಟ್ಟದ ಬ್ರೇಕು ಒತ್ತಿದರೆ ಹಂದಿಮರಿಯ ಹಾಗೆ ಕಿರುಚುತ್ತಿತ್ತೇ ಹೊರತು ಹಿಡಿಯುತ್ತಿರಲಿಲ್ಲ. ತಿರುವಿನ ಕೆಳಗೆ ಉಪ್ಪುನೀರಿನ ಕಾಲುವೆ. ಅದನ್ನು ಹೇಗೋ ತಪ್ಪಿಸಿದ. ಮುಂದೆ ಎರಡೂ ಕಡೆ ಗದ್ದೆ. ಅದರಾಚೆ ಒಂದು ಮನೆಯ ತೆರೆದ ಗೇಟು. ಗೇಟಿನ ಕಂಬ ಹಿಡಿದು ನಿಲ್ಲುವ ಹಂಚಿಕೆ ಹಾಕಿದ. ಕಂಬ ಕೈಗೆ ಸಿಗಲಿಲ್ಲ. ಒಳಗೆ ಚಪ್ಪರ, ಚಪ್ಪರದಡಿ ಬಾಳೆಯೆಲೆಯ ರಾಶಿ. ಐರ್ಲೆಂಡ್ ವಿಜೇತ ಆ ರಾಶಿಯೊಳಗೆ ತಲೆಕೆಳಗಾಗಿ ಅಂತರ್ಧಾನನಾದ!

ಎತ್ತಿ ಕೂರಿಸಿದರು. ಅದು ಮದುವೆ ಮನೆ. ಮದುಮಗಳ ಅಜ್ಜಿ ಸಕ್ಕರೆ ನೀರು ತಂದಳು. ಸೋದರಮಾವ ಕಾಯ್ತಾನ್, ಹೊಸ ಪ್ಯಾಂಟು, ಹೊಸ ಬೂಟು, ಮುಂದೆ ಕುಕ್ಕರುಗಾಲಲ್ಲಿ ಕೂತ. ಕೊಂಕಣಿ, ಹಿಂದಿ ಎರಡನ್ನೂ ಬೆರೆಸಿ ಮಾತು ನಡೆಯಿತು.

"ಒಬ್ಬರೇನಾ ಬಂದದ್ದು?"

"ಇಬ್ಬರು."

"ಮತ್ತೆ, ಇನ್ನೊಬ್ಬರು?"

"ಕುಬೇರ... ಕುಬೇರ ಹೋಗಿಬಿಟ್ಟ."

"ಎಲ್ಲಿ?"

ವ್ಯಾಸರಾಜನ ಕಣ್ಣು ತುಂಬಿತು. ಕೈಯನ್ನು ಹಿಂದಕ್ಕೆ ಬೀಸಿದ. ಅವನು ತೋರಿಸಿದ್ದು ಕಳೆದ ವರ್ಷವನ್ನು. ಆದರೆ ಆ ದಿಕ್ಕಿನಲ್ಲಿದ್ದದ್ದು ಇಳಿಜಾರು, ತಿರುವು, ಕಾಲುವೆ.

"ದೇವಾ! ಆ ತಿರುವಿನಲ್ಲಿ! ಕಾಲುವೆಗೇ ಬಿದ್ದ!" ಎಂದು ಕಾಯ್ತಾನ್ ಬೂಟು ಕಿತ್ತೆಸೆದು ಓಡಿದ. ಅವನ ಹಿಂದೆ ಸೌಟು ಹಿಡಿದ ಅಡುಗೆಯವರು, ಊಟಕ್ಕೆ ಬಂದವರು, ಅರಿಶಿನದ ಸೀರೆಯುಟ್ಟ ಹೆಂಗಸರು. ಒಬ್ಬ ಚಪ್ಪರದ ಬಿದಿರನ್ನೇ ಕಿತ್ತುಕೊಂಡು ಓಡಿದ. ಚಪ್ಪರದ ಒಂದು ಮೂಲೆ ಕುಸಿಯಿತು.

ಆಗಲೇ ಎದ್ದು ಒಂದು ಮಾತು ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. "ನೋಡ್ರಿ, ಅಂವ..." ಎಂದು ಬಾಯಿ ತೆರೆದ. ತೆರೆದ ಬಾಯಿಗೆ ಅಜ್ಜಿ ಸಕ್ಕರೆ ನೀರು ಸುರಿದಳು. ನುಂಗುವಷ್ಟರಲ್ಲಿ ಗದ್ದೆಯಿಂದ ಕೂಗು ಬಂತು.

"ಕುಬೇರ್! ಓ ಕುಬೇರ್!"

ಒಂದು ಕಡೆಯಿಂದ ಗಂಡಸರ ದನಿ, ಇನ್ನೊಂದು ಕಡೆಯಿಂದ ಹೆಂಗಸರದು. ಕಾಲುವೆಯ ಉಪ್ಪುನೀರಿನಲ್ಲಿ ಬೆಳೆದ ಕಾಂಡ್ಲ ಗಿಡಗಳ ಆಚೆಯಿಂದ ಮಾರ್ದನಿ. ಒಂದು ವರ್ಷದಿಂದ ಆ ಹೆಸರನ್ನು ವ್ಯಾಸರಾಜನ ಎದುರಿಗೆ ಯಾರೂ ಗಟ್ಟಿಯಾಗಿ ಆಡಿರಲಿಲ್ಲ. ಎಲ್ಲರೂ ದನಿ ತಗ್ಗಿಸಿ, ಕಾಯಿಲೆಯ ಹೆಸರು ಹೇಳಿದ ಹಾಗೆ ಹೇಳುತ್ತಿದ್ದರು. ಈಗ ಗುರುತು ಪರಿಚಯವಿಲ್ಲದ ಒಂದು ಊರೇ ಬಯಲಿನಲ್ಲಿ ನಿಂತು ಅವನನ್ನು ಕರೆಯುತ್ತಿದೆ, ಕರೆದರೆ ಬಂದಾನು ಎಂಬ ಭರವಸೆಯಿಂದ.

ಇನ್ನೊಂದು ಸಲ ಕರೆಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡ. ಅದೊಂದು ಸಲ ಮುಗಿಯಿತು. ಇನ್ನೊಂದೇ ಒಂದು ಎಂದುಕೊಂಡ. ಕಾಯ್ತಾನ್ ಆಗಲೇ ಸೊಂಟದ ಮಟ್ಟ ಕೆಸರಿನಲ್ಲಿದ್ದ. ಒಂದು ಹಳೆಯ ರಬ್ಬರ್ ಚಪ್ಪಲಿ ಎತ್ತಿ, "ಇದು ಕುಬೇರನದಾ?" ಎಂದು ದಡಕ್ಕೆ ಕೂಗಿ ಕೇಳಿದ. ಒಬ್ಬಾಕೆ ಜಪಮಾಲೆ ತೆಗೆದಳು. ಇನ್ನೊಬ್ಬ ಅಗ್ನಿಶಾಮಕದವರಿಗೆ ಹೇಳಬೇಕೆಂದು ಫೋನಿನ ಸಿಗ್ನಲ್ ಹುಡುಕುತ್ತ ಬದುವಿನ ಮೇಲೆ ಓಡಾಡಿದ.

ಗಂಡ ಇಷ್ಟು ಹೊತ್ತಾದರೂ ಬರಲಿಲ್ಲವೆಂದು ಕೃಷ್ಣಾಬಾಯಿ ಸ್ಕೂಟರ್ ತಿರುಗಿಸಿಕೊಂಡು ಬಂದದ್ದು ಆಗ. ದಾರಿಯಲ್ಲೇ ಊರಿನವರ ಕೂಗು ಕೇಳಿಸಿತು. ಆಕೆಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ. ನೆಟ್ಟಗೆ ಚಪ್ಪರದಡಿ ಬಂದು ಗಂಡನ ಮುಂದೆ ನಿಂತಳು.

"ಏನ್ರೀ ಇದು?"

"ಕುಬೇರನ್ನ ಹುಡಕ್ಲಿಕತ್ತಾರ."

"ಅದು ಕೇಳಸ್ತು. ಹೇಳ್ರಿ ಅವರಿಗೆ."

"ನೀನ ಹೇಳು, ಕೃಷ್ಣಾ."

"ನಾ ಹೇಳಂಗಿಲ್ಲ! ನಿಮ್ಮ ಆಫೀಸಿನವರಿಗೆ ನಾನ ಹೇಳ್ದೆ, ಧಾರವಾಡದವರಿಗೆ ನಾನ ಹೇಳ್ದೆ, ಹಾಲಿನಾಂವಗೂ ನಾನ ಹೇಳ್ದೆ. ಇದೊಂದು ನೀವ ಹೇಳ್ರಿ." ದನಿ ಸ್ವಲ್ಪ ಮೆತ್ತಗಾಯಿತು. "ಆ ಮನಷ್ಯಾನ ಪ್ಯಾಂಟರೆ ನೋಡ್ರಿ!"

ವ್ಯಾಸರಾಜ ಕುಂಟುತ್ತ ಬದುವಿನ ಮೇಲೆ ಹೋದ. ಎರಡೂ ಕೈ ಬಾಯಿಗಿಟ್ಟುಕೊಂಡ. ವರ್ಷದಿಂದ ಬಾರದ ಮಾತು ಈಗ ಬಂತು, ಬೇಕಾದ್ದಕ್ಕಿಂತ ಗಟ್ಟಿಯಾಗಿ.

"ಕುಬೇರ ಮೆಲೊ! ಕುಬೇರ ಸತ್ತಾನ!"

ಹೆಂಗಸರು ಶಿಲುಬೆಯ ಗುರುತು ಮಾಡಿಕೊಂಡರು. ಕಾಯ್ತಾನ್ ದೊಡ್ಡ ಉಸಿರೆಳೆದು ಪೂರ್ತಿ ಮುಳುಗಿದ.

"ಅಲ್ಲಿ ಅಲ್ರೀ! ಹೋದ ವರ್ಷ! ವಾಸ್ಕೋದಾಗ! ಮನಿಯೊಳಗ! ಹಾಸಿಗಿ ಮ್ಯಾಲೆ!"

ಕಾಲುವೆಯಲ್ಲಿ ಗುಳ್ಳೆಗಳೆದ್ದವು. ಕಾಯ್ತಾನ್ ಮೇಲೆ ಬಂದು, ಇನ್ನೊಮ್ಮೆ ಹೇಳಿಸಿಕೊಂಡು, ಚಪ್ಪಲಿ ಹಿಡಿದುಕೊಂಡೇ ದಡ ಹತ್ತಿದ. ಆ ಚಪ್ಪಲಿಯ ಮುಂದಿನ ಉಪಯೋಗ ಏನೆಂದು ವ್ಯಾಸರಾಜನಿಗೆ ಸಂಶಯವಿರಲಿಲ್ಲ; ತಲೆ ತಗ್ಗಿಸಿ ನಿಂತ. ಭುಜಗಳು ಅಲುಗತೊಡಗಿದವು. ಅತ್ತ. ಶ್ರಾವಣದಲ್ಲಿ ಅಳಬೇಕಾದದ್ದನ್ನೆಲ್ಲ ಡಿಸೆಂಬರಿನ ಬಿಸಿಲಲ್ಲಿ, ಪರರ ಗದ್ದೆಯಲ್ಲಿ, ಮೂಗು ಸೋರುವಂತೆ ಅತ್ತ.

ಕಾಯ್ತಾನ್ ಚಪ್ಪಲಿಯನ್ನು ಕಾಲುವೆಗೆ ಎಸೆದ.

"ಒಳ್ಳೆಯವನಾಗಿದ್ದನಾ?" ಎಂದು ಕೇಳಿದ.

"ಭಾಳ."

"ಇರಲೇಬೇಕು. ಒಂದು ವರ್ಷದ ಮೇಲೂ ಜನರನ್ನು ಕೆಸರಿಗೆ ಇಳಿಸುತ್ತಾನೆ."

ಅಜ್ಜಿ ವ್ಯಾಸರಾಜನ ಕೈ ಹಿಡಿದು ಚಪ್ಪರಕ್ಕೆ ಕರೆತಂದಳು. ಮದುವೆಗೆ ಮುಂಚೆ ಮನೆಯ ಸತ್ತವರ ಹೆಸರಲ್ಲಿ ಭಿಕ್ಷುಕರಿಗೆ ಊಟ ಹಾಕುವ ಪದ್ಧತಿಯಂತೆ. ಇಂದು ಅದೇ ದಿನ. ಬೇಳೆ, ಅನ್ನ, ಸೊಪ್ಪು. "ನಿನ್ನ ಗೆಳೆಯನ ಹೆಸರೂ ಸೇರಿಸಿ ಹಾಕುತ್ತೇವೆ, ಕೂಡು ಮಗಾ," ಎಂದಳು. ಫ್ಯಾಕ್ಟರಿಯ ಕ್ವಾಲಿಟಿ ಮ್ಯಾನೇಜರ್ ವ್ಯಾಸರಾಜ ದಿವಾರಿನ ಭಿಕ್ಷುಕರ ಸಾಲಿನಲ್ಲಿ, ನಜ್ಜುಗುಜ್ಜಾದ ಎಲೆಯ ಮುಂದೆ, ಚಕ್ಕಳಮಕ್ಕಳ ಹಾಕಿ ಕೂತ. ಆಚೆ ಕೃಷ್ಣಾಬಾಯಿ ಸ್ಕೂಟರಿನಿಂದ ಪಾನಾ ತೆಗೆದು, ಸೈಕಲ್ಲಿನ ಸೀಟನ್ನು ನಾಲ್ಕು ಬೆರಳು ಕೆಳಗಿಳಿಸುತ್ತಿದ್ದಳು. ನೋಡಿದ. ಬೇಡ ಎನ್ನಲಿಲ್ಲ.

ಕೆಸರು ತೊಟ್ಟಿಕ್ಕುತ್ತಲೇ ಕಾಯ್ತಾನ್ ಅನ್ನದ ಬುಟ್ಟಿ ಹಿಡಿದು ಬಡಿಸುತ್ತ ಅವನ ಬಳಿ ಬಂದ.

"ಎಷ್ಟು ಜನ?"

"ಇಬ್ಬರು," ಎಂದ ವ್ಯಾಸರಾಜ.

ಸಾಲಿನಲ್ಲಿದ್ದವರ ತುತ್ತು ಬಾಯಿಯ ಹತ್ತಿರವೇ ನಿಂತಿತು. ಒಬ್ಬ ಬಿದಿರಿಗೆ ಕೈ ಹಾಕಿದ. ಕಾಯ್ತಾನ್ ನಿಟ್ಟುಸಿರು ಬಿಟ್ಟು, ಬುಟ್ಟಿ ಕೆಳಗಿಟ್ಟು, ಮತ್ತೆ ಪ್ಯಾಂಟು ಮಡಚತೊಡಗಿದ.

"ನಾನ್ರೀ!" ಕೃಷ್ಣಾಬಾಯಿ ಪಾನಾ ಹಿಡಿದ ಕೈಯನ್ನೇ ಎತ್ತಿಕೊಂಡು ಓಡಿ ಬಂದಳು. "ಎರಡನೇದಾಕಿ ನಾನು! ಇಲ್ಲೇ ಇದ್ದೀನಿ!"