ಕಾಕಾನ ಮದುವೆಯ ಭಾರ

ನಮ್ಮ ಕಾಕಾನಿಗೆ ಮೊಮ್ಮಕ್ಕಳಾಗಿದ್ದಾರೆ. ಆದರೆ ಅವನ ಮದುವೆಗೆ ಜನ ಮೊನ್ನೆಮೊನ್ನೆಯವರೆಗೂ ಬರುತ್ತಲೇ ಇದ್ದರು! ಬರಿಗೈಯಲ್ಲೂ ಅಲ್ಲ, ತಮ್ಮದೊಂದು ಹಳೆಯ ಫೋಟೋ ಹಿಡಿದುಕೊಂಡು. ಅದು ಹೇಗೆ ಎನ್ನುತ್ತೀರಾ? ಹೇಳುತ್ತೇನೆ.

ಕಾಕಾನದು ನವಲಗುಂದದಲ್ಲಿ ಫೋಟೋ ಸ್ಟುಡಿಯೋ. ಸುತ್ತಲಿನ ಹಳ್ಳಿಗಳಲ್ಲಿ ಯಾವ ಮನೆಯ ಗೋಡೆ ನೋಡಿದರೂ ಅವನು ತೆಗೆದ ಮದುವೆಯ ಫೋಟೋ. ಅವನ ಮನೆಯ ಪಡಸಾಲೆಯಲ್ಲಿ ಮಾತ್ರ ಒಂದು ಖಾಲಿ ಮೊಳೆಯಿತ್ತು. ಏಕೆಂದರೆ ತನ್ನ ಮದುವೆಯ ದಿನ ಕ್ಯಾಮೆರಾವನ್ನು ಬೇರೆಯವರ ಕೈಗೆ ಕೊಡಲು ಈ ಮಹಾರಾಯನಿಗೆ ಮನಸ್ಸಾಗಲಿಲ್ಲ. ಬಾಸಿಂಗ ಕಟ್ಟಿಕೊಂಡು ತಾನೇ ಫೋಟೋ ಹೊಡೆದ! ಮುತ್ತೈದೆಯರು ಸಾಲಾಗಿ ಬಂದರೆ ಅತ್ತ ಒಂದು ಓಟ, ಊಟದ ಪಂಕ್ತಿ ಕೂತರೆ ಇತ್ತ ಒಂದು ಓಟ. ಮದುಮಗಳು ಬಹಳ ಹೊತ್ತು ಒಬ್ಬಳೇ ಕೂತಿದ್ದಳಂತೆ. ಮರುದಿನ ಕತ್ತಲೆ ಕೋಣೆಯಲ್ಲಿ ರೀಲು ತೊಳೆದರೆ ಅದರಲ್ಲಿ ಏನೂ ಇಲ್ಲ. ರೀಲಿನ ತುದಿ ಕ್ಯಾಮೆರಾದ ಹಲ್ಲಿಗೆ ಸಿಕ್ಕಿರಲೇ ಇಲ್ಲ. ಮದುವೆ ಮುಗಿಯುವವರೆಗೂ ಅದು ಇದ್ದಲ್ಲೇ ಇತ್ತು.

ಅಂದಿನಿಂದ ಕಾಕು, ಅಂದರೆ ಅವನ ಹೆಂಡತಿ, ಯಾವ ಕ್ಯಾಮೆರಾಕ್ಕೂ ಮುಖ ಕೊಟ್ಟಿರಲಿಲ್ಲ. ಸರಕಾರಿ ಕಾರ್ಡಿಗೆ ತೆಗೆಸಿದ್ದು ಒಂದಿದೆ. ಆದರೆ ಅದರಲ್ಲಿ ಯಾರು ತಾನೇ ತಮ್ಮಂತೆ ಕಾಣುತ್ತಾರೆ ಹೇಳಿ?

ಕಂಪ್ಯೂಟರಿನಲ್ಲಿ ಫೋಟೋ ತಿದ್ದುವುದನ್ನು ಕಲಿತ ಮೇಲೆ, ಆ ಮೊಳೆಗೆ ಒಂದು ಮದುವೆಯ ಫೋಟೋ ಹಾಕಿಯೇ ತೀರುತ್ತೇನೆಂದು ಕಾಕಾ ಹಟ ಹಿಡಿದ. ಮದುವೆಗೆ ಬಂದವರನ್ನೆಲ್ಲ ಅವರವರ ಹಳೆಯ ಫೋಟೋಗಳಿಂದ ಕತ್ತರಿಸಿ ತಂದು, ಒಂದೇ ಚಿತ್ರದಲ್ಲಿ ಸಾಲಾಗಿ ನಿಲ್ಲಿಸತೊಡಗಿದ. ಸುದ್ದಿ ಹಬ್ಬಿತು. "ನನ್ನ ಹಿಂದ ನಿಲ್ಲಸಬ್ಯಾಡಪಾ, ನಾ ಹಿತ್ತಾಳಿ ಕೊಡಾ ಮುಯ್ಯಿ ಮಾಡೇನಿ" ಎಂದು ಒಬ್ಬರು ನೆನಪು ಮಾಡಿ ಹೋದರು. ಕರೆದ ರೀತಿ ಸರಿಯಿಲ್ಲವೆಂದು ಅಂದು ಸಿಟ್ಟಾಗಿ ಬರದೇ ಉಳಿದಿದ್ದ, ತಂಬೂರು ಎಂಬ ಊರಿನ ಮಾವನವರೊಬ್ಬರು ಕೂಡ ಫೋಟೋ ತಂದರು. "ಅವತ್ತ ಬಂದಿರಲಿಲ್ಲ, ಖರೆ. ಈಗ ಬರ್ತೀನಿ. ಒಂದ ಮೂಲ್ಯಾಗ ಹಚ್ಚು."

"ಹಚ್ತೀನ್ರಿ ಮಾವಾರ. ಊಟ ಮಾತ್ರ ಸಿಗಂಗಿಲ್ಲ" ಎಂದ ಕಾಕಾ.

ಇಷ್ಟೆಲ್ಲ ಆಗುತ್ತಿರುವಾಗ ಫೋಟೋ ತಿದ್ದುವ ಸಾಫ್ಟ್‌ವೇರ್ ಕೈಕೊಟ್ಟಿತು. ತೆರೆಯಲು ಹೋದರೆ ತನ್ನ ಹೆಸರಿನ ಫಲಕವನ್ನೊಮ್ಮೆ ತೋರಿಸಿ ಮಾಯ! ಸ್ಟುಡಿಯೋದಲ್ಲಿ ಎರಡು ಕಂಪ್ಯೂಟರುಗಳಿವೆ. ಹೊಸದರಲ್ಲಿ ಅದು ಸರಿಯಾಗಿತ್ತು, ಹಳೆಯದರಲ್ಲಿ ಮಾತ್ರ ಈ ರೋಗ. ಕಾಕಾ ತನ್ನ ಮದುವೆಯ ಕೆಲಸ ಮಾಡುತ್ತಿದ್ದದ್ದು ಹಳೆಯದರಲ್ಲೇ. ಹೊಸದರ ಮೇಲೆ ಅವನಿಗೆ ಇನ್ನೂ ನಂಬಿಕೆ ಬಂದಿಲ್ಲ.

ನಾನು ಅಣ್ಣಿಗೇರಿಯ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುವವಳು. ಹಾಗಾಗಿ ನನಗೆ ಫೋನು. ನನ್ನನ್ನು ಅವನು ಪ್ರೀತಿಯಿಂದ ತಂಗಿ ಎಂದೇ ಕರೆಯುವುದು. "ತಂಗಿ, ಬಾಗಲಾ ತಗೀತೈತಿ, ಹೊಸ್ತಲಾ ದಾಟಿಸಂಗಿಲ್ಲ." ಸಾಫ್ಟ್‌ವೇರನ್ನು ತೆಗೆದು ಮತ್ತೆ ಹಾಕು ಎಂದೆ. ಹಾಕಿದ, ಗುಣ ಕಾಣಲಿಲ್ಲ. ಧೂಳಿನ ಕಾಟವಿರಬಹುದೆಂದು ತಾನೇ ನಿರ್ಧರಿಸಿ ಕಂಪ್ಯೂಟರಿಗೆ ಜಮಖಾನ ಹೊದಿಸಿದ. ಅದಕ್ಕೆ ಸೆಕೆಯಾಗುತ್ತದೆ ಎಂದರೆ, "ನಾನೂ ಜಮಖಾನದ ಮ್ಯಾಲನ ಮಲಗ್ತೀನಿ, ನನಗೇನಾಗೇತಿ?" ಎಂದು ಕೇಳಿದ.

ಕೊನೆಗೆ ಕಂಪ್ಯೂಟರನ್ನು ಹುಬ್ಬಳ್ಳಿ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೊರಟ. ಕಂಡಕ್ಟರು ಅದನ್ನು ಕೆಳಗಿಡಲು ಹೇಳಿದ.

"ನನ್ನ ಮದುವಿ ಇದರ ಮ್ಯಾಲೆ ನಿಂತೈತಪಾ. ಕೆಳಗ ಹೆಂಗ ಇಡ್ಲಿ?"

ಕಂಡಕ್ಟರು ಕಾಕಾನ ನರೆತ ತಲೆಯನ್ನು ನೋಡಿದ. "ಹಂಗಾರ ಮದಲಿಂಗಗೊಂದು, ಇದಕ್ಕೊಂದು, ಎರಡ ಟಿಕೀಟ್ ತಗೋರಿ."

ಹುಬ್ಬಳ್ಳಿಯ ರಿಪೇರಿ ಅಂಗಡಿಯಲ್ಲಿ ಗುಂಡಿ ಒತ್ತಿದೊಡನೆ ಸಾಫ್ಟ್‌ವೇರ್ ತೆರೆದುಕೊಂಡಿತು! ಸಂತೋಷದಿಂದ ಊರಿಗೆ ತಂದರೆ ಮತ್ತೆ ಮಾಯ. ಇನ್ನೊಮ್ಮೆ ಒಯ್ದರೆ ಅಲ್ಲಿ ಸರಿ, ಇಲ್ಲಿ ಇಲ್ಲ. "ಇದಕ್ಕ ಹುಬ್ಬಳ್ಳಿ ಹವಾ ಒಗ್ಗೇತಿ" ಎಂದು ಕಾಕಾ ತೀರ್ಪು ಕೊಟ್ಟ. "ಹಂಗಾರ ಅಲ್ಲೇ ಬಿಟ್ಟ ಬರ್ರಿ. ಬೇಕಾದ್ರ ನೀವೂ ಅಲ್ಲೇ ಇರ್ರಿ" ಎಂದಳು ಕಾಕು.

ಒಂದು ರವಿವಾರ ನಾನೇ ಹೋದೆ. "ಕಾಕಾ, ಏನೂ ಹೇಳಬ್ಯಾಡ. ದಿನಾ ಹೆಂಗ ಚಾಲೂ ಮಾಡ್ತೀಯೋ ಹಂಗ ಮಾಡು, ನಾ ನೋಡ್ತೀನಿ" ಎಂದೆ. ಕಾಕಾ ಕೈತೊಳೆದು ಬಂದ. ಕಪಾಟಿನಿಂದ ಅಂಗೈಯಗಲದ ಒಂದು ಡಿಸ್ಕ್ ತೆಗೆದು, ಕಣ್ಣಿಗೊತ್ತಿಕೊಂಡು, ಕಂಪ್ಯೂಟರಿಗೆ ಜೋಡಿಸಿದ. ಮದುವೆಯ ಚಿತ್ರ ಇರುವುದು ಆ ಡಿಸ್ಕಿನಲ್ಲಿ. ಆಮೇಲೆ ಸಾಫ್ಟ್‌ವೇರ್ ಒತ್ತಿದ. ಮಾಯ.

"ಹುಬ್ಬಳ್ಳಿಗೆ ಈ ಡಿಸ್ಕ್ ಒಯ್ದಿದ್ದೇನು?"

"ಹುಚ್ಚಿ ಅದೀಯೇನು? ಬಸ್ಸಿನ್ಯಾಗ ಕಳದ್ರ?"

ನಾನು ಡಿಸ್ಕ್ ಕಿತ್ತು ಮತ್ತೆ ಒತ್ತಿದೆ. ಸಾಫ್ಟ್‌ವೇರ್ ಜಮ್ಮೆಂದು ತೆರೆದುಕೊಂಡಿತು. ದಿನವೂ ಹುಡುಕುವ ತಾಪತ್ರಯ ಬೇಡವೆಂದು, ಸಾಫ್ಟ್‌ವೇರ್ ತೆರೆದೊಡನೆ ಮದುವೆಯ ಚಿತ್ರವೂ ತಾನಾಗಿ ತೆರೆಯುವಂತೆ ಕಾಕಾ ಯಾರಿಂದಲೋ ಮಾಡಿಸಿಕೊಂಡಿದ್ದ. ಒಬ್ಬೊಬ್ಬರನ್ನೇ ಸೇರಿಸಿ ಆ ಚಿತ್ರ ಎಷ್ಟು ಭಾರವಾಗಿತ್ತೆಂದರೆ, ಅದನ್ನು ಎತ್ತಲು ಹೋಗಿ ಹಳೆಯ ಯಂತ್ರ ಹೊಸ್ತಿಲಲ್ಲೇ ಕುಸಿಯುತ್ತಿತ್ತು.

ಕಾಕಾ ಸ್ಟೂಲಿನ ಮೇಲೆ ಕುಳಿತುಬಿಟ್ಟ. "ಅಂದ್ರ, ನನ್ನ ಮದುವಿನ ಇದಕ್ಕ ಭಾರ ಆತೇನು?"

"ಮದುವಿ ಅಲ್ಲ ಕಾಕಾ, ಮಂದಿ."

ಡಿಸ್ಕನ್ನು ಹೊಸ ಕಂಪ್ಯೂಟರಿಗೆ ಜೋಡಿಸಿದೆವು. ಅದೂ ಏದುಸಿರು ಬಿಟ್ಟು, ಅಂತೂ ಚಿತ್ರವನ್ನು ತೆರೆಯಿತು. ರುಮಾಲು ಸುತ್ತಿದ ನನ್ನ ಅಜ್ಜ, ಮೀಸೆ ತಿರುವಿದ ನನ್ನ ಅಪ್ಪ, ಮೂಲೆಯಲ್ಲಿ ಸಿಟ್ಟಿಳಿದ ತಂಬೂರಿನ ಮಾವ. ನಡುವೆ ಕಡ್ಡಿಯಂಥ ಕಾಕಾ. ಅವನ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಬಿಳಿಯ ಜಾಗ.

ಕಾಕುವಿನ ತವರು ಕುಬಿಹಾಳದಲ್ಲಿ ಮನೆಮನೆ ತಿರುಗಿದರೂ ಅವಳ ಹರೆಯದ ಒಂದು ಫೋಟೋ ಸಿಕ್ಕಿರಲಿಲ್ಲವಂತೆ. ಕಾರ್ಡಿನ ಫೋಟೋವನ್ನೇ ಹರೆಯದ್ದಾಗಿ ತಿದ್ದಬಹುದಲ್ಲ ಎಂದೆ. "ತಿದ್ದಿ ನೋಡೇನಿ. ಯಾವಾಕಿನೋ ಬರ್ತಾಳ, ತಂಗಿ. ಆಕಿ ಬರಂಗಿಲ್ಲ" ಎಂದ.

ಅಷ್ಟರಲ್ಲಿ ಕಾಕು ಬುತ್ತಿ ತಂದಳು. ಚಿತ್ರವನ್ನು ಅವಳು ನೋಡಿದ್ದು ಅದೇ ಮೊದಲು. ಒಬ್ಬೊಬ್ಬರನ್ನೇ ಗುರುತಿಸುತ್ತ ಬಂದವಳು ಒಂದು ಕಡೆ ನಿಂತಳು. "ನಮ್ಮವ್ವನ್ನೂ ಕರಿಸೀರೇನ್ರಿ?" ಎಂದು ಮೆಲ್ಲಗೆ ಕೇಳಿದಳು. ಆಮೇಲೆ ಆ ಬಿಳಿಯ ಜಾಗವನ್ನು ನೋಡಿದಳು. ಬುತ್ತಿ ಕೆಳಗಿಟ್ಟು, ತಲೆಯ ಮೇಲೆ ಸೆರಗು ಹೊದ್ದು, ಫೋಟೋ ತೆಗೆಯಲೆಂದು ಇಳಿಬಿಟ್ಟ ಪರದೆಯ ಮುಂದಿನ ಬೆಂಚಿನ ಮೇಲೆ ಹೋಗಿ ಕುಳಿತಳು.

"ತಗೀರಿ. ಈಗ ಹೆಂಗ ಅದೀನೋ ಹಂಗ ಹಚ್ರಿ. ಈ ಸಲಾನರ ರೀಲ್ ಹತ್ತೇತಿಲ್ಲೋ ನೋಡ್ಕೋರಿ."

ಕಾಕಾ ಕ್ಯಾಮೆರಾ ಎತ್ತಿದ, ಹೊಂದಿಸಿದ, ಮತ್ತೆ ಇಳಿಸಿದ. ಅದನ್ನು ತಂದು ನನ್ನ ಕೈಯಲ್ಲಿಟ್ಟ. "ನೀ ಹೊಡಿ, ತಂಗಿ" ಎಂದು ಹೋಗಿ ಅವಳ ಬಾಜು ಕುಳಿತುಕೊಂಡ.

ಆ ಮೊಳೆ ಈಗ ಖಾಲಿಯಿಲ್ಲ. ಫೋಟೋದಲ್ಲಿ ಬೀಗರು ಬಿಜ್ಜರೆಲ್ಲ ಹರೆಯದಲ್ಲಿದ್ದಾರೆ, ಮದುಮಕ್ಕಳಿಬ್ಬರ ಕೂದಲು ಮಾತ್ರ ನರೆತಿದೆ. ನೋಡಿದವರು ಇದೇನೆಂದು ಕೇಳಿದರೆ ಕಾಕು ಹೇಳುತ್ತಾಳೆ: "ಮಂದಿ ವ್ಯಾಳ್ಯಾಕ್ಕ ಬಂದಿತ್ತು. ನಾವ ಇಬ್ರೂ ಬರಾಕ ತಡಾ ಆತು."