ಮಿರ್ಚಿಗೆ ಜಾಮೀನು ನಿಂತ ನೀರು

ಮನುಷ್ಯನ ಬುದ್ಧಿ ತಲೆಯಲ್ಲಿರುತ್ತದೆ ಎಂದು ನಾನು ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತೇನೆ. ಅದು ಬೆಳಗಿನ ಹೊತ್ತಿನ ಮಾತು. ಸಂಜೆ ಶಾಲೆ ಬಿಡುವ ಗಂಟೆ ಹೊಡೆಯಿತೆಂದರೆ ನನ್ನ ಬುದ್ಧಿ ಮೆಲ್ಲಗೆ ನಾಲಿಗೆಗೆ ಇಳಿದಿರುತ್ತದೆ. ಬನಹಟ್ಟಿಯಲ್ಲಿ ನಮ್ಮ ಶಾಲೆಗೂ ನಮ್ಮ ಮನೆಗೂ ನಡುವೆ ಒಂದು ಮಿರ್ಚಿ ಭಜಿಯ ಅಂಗಡಿಯಿದೆ. ಮನೆಗೆ ಇನ್ನೊಂದು ದಾರಿಯೂ ಇದೆ, ಹತ್ತಿರದ್ದೇ. ಆದರೆ ಆ ಓಣಿಯಲ್ಲಿ ನಾಯಿಗಳ ಕಾಟ ಎಂದು ನಾನು ಹೆಂಡತಿ ಶಾಂತಾಗೆ ಹೇಳಿಟ್ಟಿದ್ದೇನೆ. ಅವಳ ತವರು ಮುಧೋಳ. ದೇಶಕ್ಕೇ ಬೇಟೆನಾಯಿ ಕೊಟ್ಟ ಊರಿನವಳು ಓಣಿನಾಯಿಯ ಕಥೆಯನ್ನು ನಂಬುತ್ತಾಳೆಯೇ? ನಂಬಿದಂತೆ ಇದ್ದಾಳೆ, ಅಷ್ಟೇ.

ನಾನು ಮಿರ್ಚಿಯನ್ನು ಪ್ರೀತಿಸಿದಷ್ಟು ನನ್ನ ಹೊಟ್ಟೆ ಅದನ್ನು ಪ್ರೀತಿಸಲಿಲ್ಲ. ಎದೆಯುರಿ, ಹುಳಿತೇಗು ಶುರುವಾಗಿ ಪಾಠದ ನಡುವೆ ತೇಗುವುದೂ ಪಾಠದ ಭಾಗವಾಯಿತು. ಜಮಖಂಡಿಯ ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಸರ್, ಮಿರ್ಚಿ ಬಿಡ್ರಿ. ಇಲ್ಲಾಂದ್ರ ಬಾಯಾಗ ಪೈಪ್ ಇಳಿಸಿ ನೋಡಬೇಕಾಕ್ಕತಿ" ಎಂದರು. ಪೈಪಿಗಿಂತ ಮೊದಲ ಮಾತೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಬಸ್ಸಿನಲ್ಲಿ ಬನಹಟ್ಟಿ ಮುಟ್ಟುವವರೆಗೂ ಇನ್ನು ಮುಂದಿನ ಸಂಜೆಗಳು ಹೇಗಿರಬಹುದೆಂದು ಯೋಚಿಸಿ ನಿಜವಾಗಿಯೂ ದುಃಖವಾಯಿತು.

ಇಂಥ ಹೊತ್ತಿನಲ್ಲಿ ದೇವರು ಕೈಬಿಡುವುದಿಲ್ಲ, ಹೆಂಡತಿಯ ತಮ್ಮನನ್ನು ಕಳಿಸುತ್ತಾನೆ. ನಮ್ಮ ಸಂಜು ಮೊದಲು ವಿಮೆ ಮಾರಿದ, ಆಮೇಲೆ ಸೋಲಾರ್ ದೀಪ ಮಾರಿದ, ಈಗ ನೀರಿನ ಮಷೀನು. "ಮಾವಾರ, ನಿಮ್ಮ ಮೈಯಾಗ ಹುಳಿ ಹೆಚ್ಚಾಗೇತಿ. ಆಲ್ಕಲೈನ್ ನೀರು ಕುಡಿದ್ರ ಆಸಿಡಿಟಿ ಹೋಕ್ಕತಿ, ಶುಗರ್ ಇಳಿತೈತಿ, ಮೊಣಕಾಲ ನೋವು ಮಾಯ. ತಲಿಗೆ ಕೂದಲೂ ಬರತಾವ!" ಎಂದು ನನ್ನ ಬೋಳುತಲೆಯನ್ನು ಕರುಣೆಯಿಂದ ನೋಡಿದ. ನಾನು ಕೇಳಿದ್ದು ಒಂದೇ ಪ್ರಶ್ನೆ. "ಮಿರ್ಚಿ ತಿನ್ನಾಕ ಬರ್ತೈತೇನು?" "ತಾಟುಗಟ್ಟಲೆ ತಿನ್ರಿ ಮಾವಾರ!"

ನಾನು ಕಲಿಸುವ ವಿಷಯ ಯಾವುದೆಂದು ಇಲ್ಲಿಯವರೆಗೆ ಬೇಕೆಂದೇ ಹೇಳಿಲ್ಲ. ವಿಜ್ಞಾನ. ಆಮ್ಲ, ಪ್ರತ್ಯಾಮ್ಲದ ಪಾಠವನ್ನು ಪ್ರತಿ ವರ್ಷ ನಾನೇ ಮಾಡುತ್ತೇನೆ. ಅರಿಷಿಣದ ನೀರಿಗೆ ಸುಣ್ಣ ಬೆರೆಸಿ ಕೆಂಪು ಮಾಡಿದರೆ ಮಕ್ಕಳು "ಆರತಿ ನೀರ್ರಿ ಸರ್!" ಎಂದು ಕೂಗುತ್ತಾರೆ. ಜಠರದಲ್ಲಿ ಮೊದಲೇ ಬಲವಾದ ಆಮ್ಲವಿದೆ, ಇಂಥ ನೀರು ಅಲ್ಲಿಗೆ ಹೋದರೆ ಅದರ ಕ್ಷಾರವೆಲ್ಲ ಅಲ್ಲೇ ಮುಗಿಯಿತು, ಏನು ಕುಡಿದರೂ ರಕ್ತ ತನ್ನ ಅಳತೆಯನ್ನು ತಾನೇ ಕಾಯ್ದುಕೊಳ್ಳುತ್ತದೆ, ಇದೆಲ್ಲ ನನಗೆ ಗೊತ್ತು. ಆದರೆ ಒಳಗಿನ ವಿಜ್ಞಾನದ ಮಾಸ್ತರ ಉತ್ತರ ಹೇಳಲು ಕೈಯೆತ್ತಿದಾಗ ಒಳಗಿನ ಮಿರ್ಚಿಭಕ್ತ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ.

ಬೆಲೆಯ ಮಾತು ಬಂತು. ಶಾಂತಾ ಎಲ್ಲ ಬೆಲೆಯನ್ನೂ ಎಮ್ಮೆಯಲ್ಲೇ ಅಳೆಯುವವಳು. ಹಿತ್ತಲಲ್ಲಿರುವ ಒಂದು ಎಮ್ಮೆಗೆ ಜೊತೆ ತರಬೇಕೆಂದು ಹಾಲಿನ ದುಡ್ಡು ಕೂಡಿಡುತ್ತಿದ್ದಳು. "ಅಂದ್ರ ಎರಡ ಎಮ್ಮಿ ಆತು" ಎಂದಳು. "ಹಿಂಡಿದ್ರ ಹಾಲು ಕೊಡತೈತೇನು ನಿನ್ನ ಮಷೀನು?" ಸಂಜು ನಕ್ಕ. ಅದರೊಳಗಿನ ಫಿಲ್ಟರನ್ನು ಆಗಾಗ ಬದಲಿಸಬೇಕು, ಅದಕ್ಕೆ ಬೇರೆ ಖರ್ಚು ಎಂದೂ ಮೆಲ್ಲಗೆ ಸೇರಿಸಿದ. "ಅಂದ್ರ ಮ್ಯಾವೂ ಹಾಕಬೇಕು, ಹಾಲೂ ಇಲ್ಲ" ಎಂದಳು ಅವಳು. ಆದರೂ ನಾನು ಬಿಡಲಿಲ್ಲ. ನನ್ನ ಆರೋಗ್ಯಕ್ಕಿಂತ ಎಮ್ಮೆ ಹೆಚ್ಚೇ ಎಂದು ಕೇಳಿಬಿಟ್ಟೆ. ಅವಳು ಸ್ವಲ್ಪ ಯೋಚಿಸಿದಳು. ಆ ಯೋಚನೆ ನನಗೆ ಇಂದಿಗೂ ಚುಚ್ಚುತ್ತದೆ.

ಕೊನೆಗೆ ಭಾನುವಾರ ಸಂಜು ಮಷೀನು ತಂದು ಅಡಿಗೆಮನೆಯಲ್ಲಿ ಜೋಡಿಸಿದ. ಒಂದು ಗ್ಲಾಸಿನಲ್ಲಿ ನಾವು ಕುಡಿಯುವ ನೀರು, ಅಂದರೆ ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತುಂಬಿಸಿಕೊಂಡು ನಾನು ದಿನಾ ಬೆಳಿಗ್ಗೆ ಬೈಕಿನಲ್ಲಿ ತರುವ ಕ್ಯಾನಿನದು. ಇನ್ನೊಂದರಲ್ಲಿ ಮಷೀನಿನದು. ಎರಡಕ್ಕೂ ಒಂದು ಔಷಧಿಯ ಹನಿ ಬಿಟ್ಟ. ಕ್ಯಾನಿನ ನೀರು ಹಳದಿಯಾಯಿತು. "ನೋಡ್ರಿ, ಹುಳಿ!" ಮಷೀನಿನದು ನೀಲಿಯಾಯಿತು. "ನೋಡ್ರಿ, ಅಮೃತ!" ನಾನು ಚಪ್ಪಾಳೆ ತಟ್ಟುವುದೊಂದು ಬಾಕಿ. ಅಷ್ಟರಲ್ಲಿ ಶಾಂತಾ ಹಿತ್ತಲಿನಿಂದ ಒಂದು ತಂಬಿಗೆ ನೀರು ತಂದಳು. "ಲೇ ಸಂಜ್ಯಾ, ಇದಕ್ಕೂ ಎರಡ ಹನಿ ಹಾಕಿ ನೋಡೋ. ಎಮ್ಮಿ ಹಾಲು ಯಾಕೋ ಕಡಿಮಿ ಆಗೇತಿ, ನೀರಾಗ ಏನರ ಐತೇನೋ."

ಅದು ನಮ್ಮ ಬೋರಿನ ಸವಳು ನೀರು. ಬೇಳೆ ಬೇಯುವುದಿಲ್ಲವೆಂದು, ಬಾಯಿಗೆ ಇಡಲಾಗುವುದಿಲ್ಲವೆಂದು ನಾವು ಬಿಟ್ಟು, ಎಮ್ಮೆಗೂ ಮುಸುರೆಗೂ ಇಟ್ಟ ನೀರು. ಹನಿ ಬಿದ್ದದ್ದೇ ತಡ, ನೀಲಿ!

ಸವಳು ತೆಗೆದ ನೀರಿಗೆ ದಿನಾ ನಾಣ್ಯ ಹಾಕುತ್ತಿದ್ದವನು, ಹೋದ ಕ್ಷಾರವನ್ನು ಮರಳಿ ತರಲು ಎರಡು ಎಮ್ಮೆ ಕೊಡಲು ಹೊರಟಿದ್ದೆ. "ಅಕ್ಕಾ, ಆ ನೀಲಿ ಬ್ಯಾರೆ, ಈ ನೀಲಿ ಬ್ಯಾರೆ" ಎಂದ ಸಂಜು, ಮಷೀನು ಬಿಚ್ಚುತ್ತಲೇ. ಶಾಂತಾ ಅವನಿಗೆ ಊಟ ಹಾಕಿಯೇ ಕಳಿಸಿದಳು, ಪಾಪ.

ಇಲ್ಲಿಗೆ ಮುಗಿದಿದ್ದರೆ ನನ್ನ ಮಾನ ಸ್ವಲ್ಪ ಉಳಿಯುತ್ತಿತ್ತು. ಆದರೆ ನನಗೆ ಹೊಳೆದದ್ದೇ ಬೇರೆ. ಅಮೃತ ಹಿತ್ತಲಲ್ಲೇ ಇದೆ, ಅದೂ ಪುಕ್ಕಟೆ! ಮರುದಿನ ಸಂಜೆ ಮೂಗು ಹಿಡಿದು ಒಂದು ತಂಬಿಗೆ ಬೋರಿನ ನೀರು ಕುಡಿದು ಧೈರ್ಯವಾಗಿ ಅಂಗಡಿಗೆ ಹೋದೆ. ಚುರುಮುರಿಯ ಜೊತೆ ಎಷ್ಟು ಮಿರ್ಚಿ ತಿಂದೆನೆಂದರೆ ಅಂಗಡಿಯವನೇ ಗಾಬರಿಯಾದ. ಬೆಳಗಾಗುವಷ್ಟರಲ್ಲಿ ಎದೆಯುರಿ ಒಂದೇ ಅಲ್ಲ, ಹೊಟ್ಟೆಯೂ ಕೆಟ್ಟಿತ್ತು. ಮತ್ತೆ ಜಮಖಂಡಿಯ ಡಾಕ್ಟರ ಮುಂದೆ ಹೋಗಿ ಕೂತೆ. ಜೊತೆಗೆ ಬಂದ ಶಾಂತಾಳೇ ಮಾತು ತೆಗೆದಳು. "ಎಮ್ಮಿ ನೀರು ಕುಡದಾರ್ರಿ ಡಾಕ್ಟರ್. ಎಮ್ಮಿಗೆ ಏನೂ ಆಗಿಲ್ಲ, ಇವರಿಗಷ್ಟ ಹಿಂಗ್ಯಾಕ್ರಿ?" ಡಾಕ್ಟರು ಚೀಟಿ ಬರೆಯುತ್ತ ತಲೆಯೆತ್ತದೆ ಹೇಳಿದರು. "ಎಮ್ಮಿ ಮಿರ್ಚಿ ತಿನ್ನಾಂಗಿಲ್ರಿ."

ಎರಡನೆಯ ಎಮ್ಮೆ ಬಂತು. ಸಂಜೆ ಎರಡಕ್ಕೂ ಮೇವು ಹಾಕಿ ನೀರು ಕುಡಿಸುವ ಕೆಲಸ ನನ್ನ ಪಾಲಿಗೆ ಬಂತು, ಸರಿಯಾಗಿ ಭಜಿ ಕರಿಯುವ ಹೊತ್ತಿಗೇ. ಇದರಲ್ಲಿ ಶಾಂತಾಳ ಕೈವಾಡವಿದೆ ಎಂದು ತಿಳಿಯಲು ವಿಜ್ಞಾನ ಬೇಕಿಲ್ಲ. ನಾಯಿಗಳ ಓಣಿಯಿಂದಲೇ ಮನೆಗೆ ಬರತೊಡಗಿದೆ. ಹುಳಿತೇಗು ನಿಂತಿತು.

ಮೊನ್ನೆ ನಮ್ಮ ಗಣಿತದ ಮಾಸ್ತರರು ಹೊಟ್ಟೆ ಹಿಡಿದುಕೊಂಡು ಬಂದರು. "ಸರ್, ನಿಮಗ ಖರೆ ಆರಾಮ ಆಗೇತಲ್ಲ, ಹೆಂಗ್ರಿ? ಆ ನೀಲಿ ನೀರಿಂದೇನ್ರಿ?" ಎಂದು ಕೇಳಿದರು. ಪಾಪ, ಅವರೂ ಮೋಸ ಹೋಗಬಾರದಲ್ಲ. ಜಠರ, ಆಮ್ಲ, ಕ್ಷಾರ ಎಲ್ಲವನ್ನೂ ಬಿಡಿಸಿ ಹೇಳಬೇಕು, ನಿಂತುಕೊಂಡು ಹೇಳುವ ವಿಷಯ ಅದಲ್ಲ. ಎಲ್ಲಾದರೂ ಕೂತು ಮಾತಾಡೋಣ ಎಂದು ಕರೆದುಕೊಂಡು ಹೋದೆ. ಆ ಸಂಜೆ ಎಮ್ಮೆಗಳಿಗೆ ನೀರು ಕುಡಿಸುವುದು ಸ್ವಲ್ಪ ತಡವಾಯಿತು. ಕೈಗಂಟಿದ ಎಣ್ಣೆ ಸೋಪು ಹಚ್ಚಿದರೂ ಬೇಗ ಹೋಗಲಿಲ್ಲ. ನಮ್ಮದು ಸವಳು ನೀರು ನೋಡಿ.